ಟೆಸ್ಲಾ: ಪ್ರಾಸ್ಟೇಟ್ ಎಂಆರ್‌ಐನಲ್ಲಿ 1.5 ಮತ್ತು 3ರ ಅಂತರ

ರಕ್ತದಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಒಂದು ಪ್ರೋಟೀನ್) ಪ್ರಮಾಣ ಏರಿದೆಯೆಂದು ವೈದ್ಯರು ಪ್ರಾಸ್ಟೇಟ್ ಗ್ರಂಥಿಯ ಎಂಆರ್‌ಐ ಬರೆದುಕೊಟ್ಟರೆ, ಅಥಣಿ, ಗೋಕಾಕದ ಕಡೆಯ ಮನೆಗಳಲ್ಲಿ ಬೆಳಗಾವಿಗೆ ಹೋಗುವುದೋ ಮಿರಜಕ್ಕೋ ಎಂಬ ಮಾತಿನ ಜೊತೆಗೆ ‘ಆ ಮಷೀನು ಎಷ್ಟು ಟೆಸ್ಲಾದ್ದು?’ ಎಂಬ ಪ್ರಶ್ನೆಯೂ ಏಳುವುದುಂಟು.

ಎಂಆರ್‌ಐ ಯಂತ್ರ ಬಲವಾದ ಕಾಂತಕ್ಷೇತ್ರದ ನೆರವಿನಿಂದ ದೇಹದೊಳಗಿನ ಚಿತ್ರ ತೆಗೆಯುತ್ತದೆ; ಟೆಸ್ಲಾ ಎಂಬುದು ಆ ಕಾಂತಕ್ಷೇತ್ರದ ತೀವ್ರತೆಯನ್ನು ಅಳೆಯುವ ಮಾನ. ನಿಕೋಲಾ ಟೆಸ್ಲಾ ಅವರ ಹೆಸರಿನ ಈ ಮಾನಕ್ಕೆ 1960ರಲ್ಲಿ ಅಂತರರಾಷ್ಟ್ರೀಯ ಒಪ್ಪಿಗೆ ದೊರೆಯಿತು. ಕಾರಿನ ಕಂಪನಿಗೂ ಇದಕ್ಕೂ ಹೆಸರಿನ ನಂಟಷ್ಟೇ. ಒಂದು ಟೆಸ್ಲಾವನ್ನು ಹತ್ತು ಲಕ್ಷ ಪಾಲು ಮಾಡಿದರೆ ಭೂಮಿಯ ಕಾಂತಕ್ಷೇತ್ರ ಅದರಲ್ಲಿ ಸುಮಾರು 25ರಿಂದ 65 ಪಾಲಿನಷ್ಟಾಗುತ್ತದೆ. ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವ ಯಂತ್ರಗಳು 1.5 ಅಥವಾ 3 ಟೆಸ್ಲಾದವು.

ಕ್ಷೇತ್ರ ಬಲವಾದಷ್ಟೂ ದೇಹದ ನೀರಿನಲ್ಲಿರುವ ಹೈಡ್ರೋಜನ್ ಕಣಗಳಿಂದ ಬರುವ ಸಂಕೇತವೂ ಬಲವಾಗುತ್ತದೆ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಸೊಂಟದ ಆಳದಲ್ಲಿರುವ ಈ ಪುಟ್ಟ ಗ್ರಂಥಿಯ ವಿಷಯದಲ್ಲಿ ಅದು ದೊಡ್ಡ ಅನುಕೂಲ: ಅದೇ ಸಮಯದಲ್ಲಿ ಇನ್ನೂ ಸೂಕ್ಷ್ಮವಾದ ಚಿತ್ರ, ಇಲ್ಲವೇ ಅಂಥದೇ ಚಿತ್ರ ಕಡಿಮೆ ಸಮಯದಲ್ಲಿ. ಹಿಂದೆ 1.5 ಟೆಸ್ಲಾದಲ್ಲಿ ಸಂಕೇತ ಸಾಲದೆಂದು ಗುದದ್ವಾರದ ಮೂಲಕ ಒಂದು ಕಾಯಿಲ್ (ಸಂಕೇತ ಹಿಡಿಯುವ ತಂತಿಯ ಸುರುಳಿ) ಸೇರಿಸುತ್ತಿದ್ದರು. 3 ಟೆಸ್ಲಾದಲ್ಲಿ ಆ ಕಿರಿಕಿರಿ ಬಹುತೇಕ ತಪ್ಪಿತು. ಈಗಿನ ಒಳ್ಳೆಯ 1.5 ಟೆಸ್ಲಾ ಯಂತ್ರಗಳಲ್ಲಿಯೂ ಹೊಟ್ಟೆಯ ಮೇಲಿಡುವ ಕಾಯಿಲೇ ಸಾಕಾಗುತ್ತದೆ.

ಆದರೆ ಅಂಕಿ ದೊಡ್ಡದಾದರೆ ತೊಡಕುಗಳೂ ಬೆಳೆಯುತ್ತವೆ. ಗುದನಾಳದಲ್ಲಿ ಗಾಳಿ ತುಂಬಿದ್ದರೆ, ಅಥವಾ ಸೊಂಟದ ಕೀಲು ಬದಲಿಸಿ ಲೋಹ ಕೂಡಿಸಿದ್ದರೆ, ಚಿತ್ರ 3 ಟೆಸ್ಲಾದಲ್ಲಿ ಹೆಚ್ಚು ವಿಕಾರಗೊಳ್ಳುತ್ತದೆ. ದೇಹದೊಳಗಿನ ಕೆಲವು ಸಾಧನಗಳಿಗೆ 1.5 ಟೆಸ್ಲಾದವರೆಗೆ ಮಾತ್ರ ಅನುಮತಿ ಇರುವುದರಿಂದ, ಪೇಸ್‌ಮೇಕರ್ ಇದ್ದವರು ಅದರ ಕಾರ್ಡನ್ನು ಮೊದಲೇ ತೋರಿಸಬೇಕು.

ಕಡಿಮೆ ಟೆಸ್ಲಾ ಎಂದರೆ ಕಳಪೆ ತಪಾಸಣೆ ಎಂಬ ಭಾವನೆಗೆ ಆಧಾರ ಸಾಲದು. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನದಲ್ಲಿ 576 ಪುರುಷರನ್ನು 1.5 ಟೆಸ್ಲಾ ಯಂತ್ರಗಳಲ್ಲಿಯೇ ಪರೀಕ್ಷಿಸಿದರು; ಚಿಕಿತ್ಸೆಯ ದೃಷ್ಟಿಯಿಂದ ಗಂಭೀರವಾದ ಕ್ಯಾನ್ಸರ್‌ಗಳಲ್ಲಿ ಶೇ. 93ರಷ್ಟನ್ನು ಎಂಆರ್‌ಐ ಗುರುತಿಸಿತು, ಅಲ್ಟ್ರಾಸೌಂಡ್ ನೆರವಿನ ರೂಢಿಯ ಬಯಾಪ್ಸಿಗೆ (ಗ್ರಂಥಿಯ ಚೂರುಗಳನ್ನು ತೆಗೆದು ಮಾಡುವ ಪರೀಕ್ಷೆಗೆ) ಸಿಕ್ಕಿದ್ದು ಶೇ. 48 ಮಾತ್ರ. ಪ್ರಾಸ್ಟೇಟ್ ಎಂಆರ್‌ಐ ಮಾಡುವ, ಅದರ ವರದಿ ಬರೆಯುವ ಕ್ರಮವನ್ನು ಹೇಳುವ ಅಂತರರಾಷ್ಟ್ರೀಯ ಪೈ-ರಾಡ್ಸ್ ಮಾರ್ಗಸೂಚಿಯು 3 ಟೆಸ್ಲಾಕ್ಕೆ ಒಲವು ತೋರಿದರೂ, ಸರಿಯಾಗಿ ಹೊಂದಿಸಿದ 1.5 ಟೆಸ್ಲಾವನ್ನೂ ಒಪ್ಪುತ್ತದೆ.

ಆದ್ದರಿಂದ, 3 ಟೆಸ್ಲಾಕ್ಕಾಗಿಯೇ ದೂರದ ಊರಿಗೆ ದಿನ ಗೊತ್ತುಮಾಡಿ ತಿಂಗಳುಗಟ್ಟಲೆ ಕಾಯುವುದಕ್ಕಿಂತ, ಹತ್ತಿರದ ಸ್ಕ್ಯಾನ್ ಸೆಂಟರಿನಲ್ಲಿ ಪ್ರಾಸ್ಟೇಟ್‌ಗೆಂದೇ ‘ಮಲ್ಟಿಪ್ಯಾರಾಮೆಟ್ರಿಕ್’ (ಹಲವು ಬಗೆಯ ಚಿತ್ರಗಳನ್ನು ಒಟ್ಟಿಗೆ ತೆಗೆಯುವ) ಎಂಆರ್‌ಐ ಮಾಡುವರೇ, ಅದನ್ನು ನೋಡಿ ಪಳಗಿದ ರೇಡಿಯಾಲಜಿಸ್ಟರು ವರದಿ ಬರೆದು 1ರಿಂದ 5ರವರೆಗಿನ ಪೈ-ರಾಡ್ಸ್ ಅಂಕ ಕೊಡುವರೇ ಎಂದು ವಿಚಾರಿಸುವುದು ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ. ಆ ಅಂಕ ಸಂಶಯದ ಮಟ್ಟವನ್ನಷ್ಟೇ ಹೇಳುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಬಯಾಪ್ಸಿಯಿಂದಲೇ ತಿಳಿಯಬೇಕು. ಬಯಾಪ್ಸಿ ಈಗಾಗಲೇ ಆಗಿದ್ದರೆ, ಗ್ರಂಥಿಯಲ್ಲಿ ಉಳಿದ ರಕ್ತ ಚಿತ್ರವನ್ನು ಗೊಂದಲಗೊಳಿಸಬಹುದಾದ್ದರಿಂದ, ಸಾಮಾನ್ಯವಾಗಿ ಆರು ವಾರವಾದರೂ ಬಿಟ್ಟು ಎಂಆರ್‌ಐ ಮಾಡುವುದುಂಟು.