ಗಲ್ಫ್ ಕೆಲಸ ಬಿಟ್ಟು ನಾಯಿ ತರಬೇತಿಗೆ ಇಳಿಯಬಹುದೇ?

ಪ್ರಶ್ನೆ: ನನಗೆ 37 ವರ್ಷ. ಹನ್ನೊಂದು ವರ್ಷ ಶಾರ್ಜಾದಲ್ಲಿ ಅಕೌಂಟ್ಸ್ ನೋಡಿಕೊಂಡಿದ್ದೆ. ಈಗ ಊರಿಗೆ ಬಂದಿದ್ದೇನೆ, ಕುಂಬಳೆ ಹತ್ತಿರ ಮನೆ. ಸಣ್ಣಂದಿನಿಂದಲೂ ನಾಯಿಗಳೆಂದರೆ ಜೀವ. ನಾಯಿ ತರಬೇತಿಯನ್ನೇ ಉದ್ಯೋಗ ಮಾಡಿಕೊಳ್ಳಲು ಯಾವ ಸರ್ಟಿಫಿಕೇಟ್ ಬೇಕು? ಕಾಸರಗೋಡಿನಂಥ ಊರಲ್ಲಿ ಇದರಿಂದ ಸಂಸಾರ ಸಾಗೀತೇ?

ಉತ್ತರ: ಸಾಗುತ್ತದೆ, ಆದರೆ ಮೊದಲ ವರ್ಷವೇ ಅಲ್ಲ. ನಾನೂ ಗುಮಾಸ್ತಿಕೆ ಬಿಟ್ಟು ಈ ಕೆಲಸಕ್ಕೆ ಬಂದವನು. ಮೊದಲ ವರ್ಷ ಕೈಗೆ ಬಂದದ್ದು ಬೈಕಿನ ಪೆಟ್ರೋಲಿಗೆ ಸರಿಹೋಯಿತು. ಮಳೆಗಾಲದ ನಾಲ್ಕು ತಿಂಗಳು ಅಂಗಳದಲ್ಲಿ ನಿಂತು ಕಲಿಸುವ ಹಾಗಿಲ್ಲ, ಆಗ ಬರುವುದು ಇನ್ನೂ ಕಡಿಮೆ. ಒಂದೂವರೆ ವರ್ಷದ ಮನೆಖರ್ಚು ತೆಗೆದಿಟ್ಟುಕೊಂಡೇ ಹೊರಡಿ.

ಸರ್ಟಿಫಿಕೇಟಿನ ಮಾತು. ನಮ್ಮ ದೇಶದಲ್ಲಿ ನಾಯಿ ತರಬೇತುದಾರನಾಗಲು ಪರವಾನಗಿ ಬೇಕೆಂಬ ಕಾನೂನಿಲ್ಲ. ಇವತ್ತು ಬೋರ್ಡು ಹಾಕಿದವರು ಇವತ್ತೇ ತರಬೇತುದಾರರು. ಹಾಗಾಗಿ ಒಳ್ಳೆಯ ಗುರುವನ್ನು ಹುಡುಕುವ ಹೊಣೆ ಪೂರ್ತಿ ನಿಮ್ಮದೇ. ಹೊರದೇಶದ ಪರೀಕ್ಷೆಗಳಲ್ಲಿ ಹೆಸರಿರುವುದು ಅಮೆರಿಕದ ಸಿಪಿಡಿಟಿ-ಕೆಎಗೆ. ಅದಕ್ಕೆ ಕೂರಬೇಕಾದರೆ ಹಿಂದಿನ ಮೂರು ವರ್ಷಗಳಲ್ಲಿ 300 ಗಂಟೆ ತರಬೇತಿ ಕೊಟ್ಟ ಅನುಭವ ಇರಬೇಕು. ಪರೀಕ್ಷೆ ಬರೆಯಿರಿ, ಬಿಡಿ, ಆ ಲೆಕ್ಕ ಮಾತ್ರ ಇಟ್ಟುಕೊಳ್ಳಿ: ವಾರಕ್ಕೆ ಆರು ಗಂಟೆಯಂತೆ ಸುಮಾರು ಒಂದು ವರ್ಷ. ಅಷ್ಟು ಹೊತ್ತು ಬೇರೆಯವರ ಮನೆಯ ನಾಯಿಗಳೊಂದಿಗೆ ಕಳೆಯದೆ ಯಾರಿಂದಲೂ ದುಡ್ಡು ತೆಗೆದುಕೊಳ್ಳಬೇಡಿ.

ನನ್ನ ಮೊದಲ ಗುರು ಕುತ್ತಿಗೆ ಬಿಗಿಯುವ ಚೈನಿನಲ್ಲಿ ಕಲಿಸುತ್ತಿದ್ದರು. ನಾಯಿಗೆ ಯಜಮಾನ ಯಾರೆಂದು ತೋರಿಸಿಕೊಡಬೇಕು ಎಂಬುದು ಅವರ ಪಾಠ. ಗುರ್ರೆಂದ ಕೂಡಲೇ ಚೈನು ಜಗ್ಗುವುದು. ನಾನೂ ಜಗ್ಗಿದೆ. ಒಂದು ಲ್ಯಾಬ್ರಡಾರ್ ಎರಡೇ ವಾರದಲ್ಲಿ ಗುರುಗುಡುವುದನ್ನು ಬಿಟ್ಟಿತು, ನಾನು ಹಿಗ್ಗಿದೆ. ಮೂರನೇ ವಾರ ಸದ್ದೇ ಇಲ್ಲದೆ ಆ ಮನೆಯ ಹುಡುಗನ ಕೈ ಕಚ್ಚಿತು. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ, ನಾನು ಅದನ್ನೇ ಕಿತ್ತುಹಾಕಿದ್ದೆ. ಆ ಹುಡುಗನ ಕೈ ಈಗಲೂ ಕಣ್ಣ ಮುಂದೆ ಬರುತ್ತದೆ. ಈ ಯಜಮಾನಿಕೆಯ ಮಾತು ಹುಟ್ಟಿದ್ದು ಕೂಡಿಹಾಕಿದ ತೋಳಗಳನ್ನು ನೋಡಿ 1947ರಲ್ಲಿ ಶೆಂಕೆಲ್ ಎಂಬವರು ಬರೆದ ಲೇಖನದಿಂದ. 1970ರಲ್ಲಿ ಪುಸ್ತಕ ಬರೆದು ಅದನ್ನು ಎಲ್ಲೆಡೆ ಹಬ್ಬಿಸಿದ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳಗಳ ಗುಂಪೆಂದರೆ ಅಪ್ಪ, ಅಮ್ಮ, ಮರಿಗಳ ಸಂಸಾರ ಎಂದು ತಿದ್ದಿ ಬರೆದರು. ನೀವು ಗುರುವನ್ನು ಹುಡುಕುವಾಗ ಇದನ್ನು ಕೇಳಿ: “ನಾಯಿ ತಪ್ಪು ಮಾಡಿದರೆ ನೀವೇನು ಮಾಡುತ್ತೀರಿ?” ಉತ್ತರ ಹೊಡೆತದಿಂದ, ಜಗ್ಗುವುದರಿಂದ ಶುರುವಾದರೆ ನಮಸ್ಕಾರ ಹೇಳಿ ಬನ್ನಿ.

ನಮ್ಮ ಕಡೆಯ ಕೆಲಸ ಎಂಥದ್ದೆಂದು ಒಂದು ಮನೆಯ ಕತೆಯಲ್ಲಿ ಹೇಳುತ್ತೇನೆ. ಪೆರ್ಲದ ಆಚೆ ಒಂದು ತೋಟದ ಮನೆ. ಬೊಳ್ಳು ಎಂಬ ಊರನಾಯಿ. ಹಗಲಿಡೀ ಹಟ್ಟಿಯ ಕಂಬಕ್ಕೆ ಕಟ್ಟಿ ರಾತ್ರಿ ಬಿಡುತ್ತಿದ್ದರು. ಅಡಿಕೆ ಕೊಯ್ಲಿಗೆ ಬಂದವರೊಬ್ಬರ ಮೀನಖಂಡಕ್ಕೆ ಕಚ್ಚಿತ್ತು. “ಕೆಲಸದವರನ್ನು ಕಂಡರೆ ಆಗುವುದಿಲ್ಲ ಮಾರಾಯ ಇದಕ್ಕೆ” ಎಂದರು ಅಜ್ಜ. ಅರ್ಧ ಗಂಟೆ ಜಗಲಿಯಲ್ಲಿ ಸುಮ್ಮನೆ ಕೂತು ನೋಡಿದೆ. ಗೇಟಿನ ಸದ್ದಾದೊಡನೆ ಬಾಲ ಕೆಳಗೆ, ಕಿವಿ ಹಿಂದಕ್ಕೆ, ಮೈಭಾರವೆಲ್ಲ ಹಿಂಗಾಲಿಗೆ, ಬೊಗಳಿದ್ದು ಆಮೇಲೆ. ಸಿಟ್ಟಲ್ಲ, ಹೆದರಿಕೆ. ಸಂಕೋಲೆಯಿಂದಾಗಿ ದೂರ ಸರಿಯಲೂ ದಾರಿಯಿಲ್ಲ.

ಅದು ಮೀನು ಮಾಂಸ ಮಾಡದ ಮನೆ. ಬೆಳಗ್ಗೆ ಉಳಿದ ದೋಸೆಯನ್ನೇ ಕಿರುಬೆರಳ ಉಗುರಿನಷ್ಟು ಸಣ್ಣಗೆ ಹರಿದಿಟ್ಟುಕೊಂಡೆವು. (ಪಾಯಸದ ಒಣದ್ರಾಕ್ಷಿ ಕೊಡಬೇಡಿ, ನಾಯಿಗೆ ದ್ರಾಕ್ಷಿ ವಿಷ.) ಕೆಲಸದವರು ಮೂವತ್ತು ಹೆಜ್ಜೆ ದೂರದಲ್ಲಿ ಕಂಡ ಕೂಡಲೇ ಒಂದು ತುಂಡು, ಮತ್ತೊಂದು, ಮಗದೊಂದು. ಅವರು ಮರೆಯಾದರೆ ದೋಸೆಯೂ ನಿಂತಿತು. ಮನುಷ್ಯ ಕಾಣಬೇಕಾದದ್ದು ಮೊದಲು, ದೋಸೆ ಆಮೇಲೆ. ಇದು ಹಿಂದುಮುಂದಾದರೆ ದೋಸೆ ಕಂಡರೂ ಹೆದರುವ ನಾಯಿಯಾಗುತ್ತದೆ. ಆರನೇ ದಿನ ಬೊಳ್ಳು ಅವರನ್ನು ನೋಡಿತು, ಬೊಗಳದೆ ಅಜ್ಜನ ಕೈಯತ್ತ ತಿರುಗಿತು. ಅಜ್ಜ “ಓ” ಎಂದರು, ಅಷ್ಟೇ. ಅಲ್ಲಿಂದ ಇಪ್ಪತ್ತೈದು ಹೆಜ್ಜೆ, ಇಪ್ಪತ್ತು ಹೆಜ್ಜೆ. ಏಳು ವಾರ ಹಿಡಿಯಿತು. ನಡುವೆ ಸಂಕೋಲೆಯ ಬದಲು ಹಟ್ಟಿಯ ಪಕ್ಕ ಬಲೆ ಹಾಕಿ ಓಡಾಡಲು ಜಾಗ ಮಾಡಿಸಿದೆ. ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನಿನ ಪ್ರಕಾರ ಅಪರಾಧ ಎಂದೂ ಹೇಳಬೇಕಾಯಿತು.

ಈ ಏಳು ವಾರಗಳಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಅಜ್ಜನ ಜತೆ. ಐವತ್ತು ವರ್ಷ ನಾಯಿ ಸಾಕಿದ ಹಿರಿಯರಿಗೆ, ಅವರ ಮನಸ್ಸು ನೋಯದಂತೆ, ಒಂದೇ ಮಾತನ್ನು ಹತ್ತು ಸಲ ಹೇಳುವ ತಾಳ್ಮೆ ನಿಮಗಿದೆಯೇ? ನಾಯಿಯ ಮೇಲಿನ ಪ್ರೀತಿಗಿಂತ ಮೊದಲು ಇದನ್ನು ಪರೀಕ್ಷಿಸಿಕೊಳ್ಳಿ. ನಮ್ಮಲ್ಲಿ ಭಾಷೆಯದೂ ಒಂದು ಕೆಲಸ. ಅದೇ ಮನೆಯಲ್ಲಿ ಅಜ್ಜ “ಕೂರು” ಎಂದರೆ, ಹಟ್ಟಿ ಕೆಲಸದಾಕೆ ತುಳುವಿನಲ್ಲಿ “ಕುಲ್ಲು”, ಡ್ರೈವರ್ ಮಲಯಾಳದಲ್ಲಿ “ಇರಿ”, ಮೊಮ್ಮಗ “ಸಿಟ್”. ನಾಯಿಗೆ ಯಾವ ಭಾಷೆಯಾದರೂ ಸರಿ. ಮನೆಮಂದಿಯನ್ನೆಲ್ಲ ಅಂಗಳದಲ್ಲಿ ಕೂರಿಸಿ ಒಂದು ಶಬ್ದಕ್ಕೆ ಒಪ್ಪಿಸುವುದೇ ನನ್ನ ಮೊದಲ ದಿನದ ಪಾಠ.

ದುಡ್ಡು ಕೊಡುವವರು ಯಾರು? ಹೆಚ್ಚಾಗಿ ಕಾಸರಗೋಡು, ಕಾಞಂಗಾಡು ಪೇಟೆಯ ಮನೆಗಳವರು, ಗಡಿಯಾಚೆ ಮಂಗಳೂರಿನವರು. ಜರ್ಮನ್ ಶೆಫರ್ಡ್, ರಾಟ್‌ವೀಲರ್ ಮರಿ ತಂದು ಗೂಡಲ್ಲಿಟ್ಟು, ವರ್ಷವಾದ ಮೇಲೆ ಕೈಗೆ ಸಿಗುವುದಿಲ್ಲವೆಂದು ಕರೆಯುತ್ತಾರೆ. ಮರಿ ಹೊಸ ಜನ, ಹೊಸ ಸದ್ದನ್ನು ಹೆದರದೆ ಒಪ್ಪಿಕೊಳ್ಳುವ ಕಾಲ ಸುಮಾರು ಮೂರರಿಂದ ಹದಿನಾಲ್ಕು ವಾರ. ಆದ್ದರಿಂದ ಮರಿ ಮನೆಗೆ ಬಂದ ವಾರವೇ ಕರೆಯಿರೆಂದು ಪಶುವೈದ್ಯರ ಮೂಲಕ ಹೇಳಿಸಿ. ನಾನು ಊಟ ಮಾಡುತ್ತಿರುವುದು ಮುಖ್ಯವಾಗಿ ಈ ಮರಿಗಳಿಂದ.

ಕೊನೆಗೆ ತಡಮಾಡಬಾರದ ಒಂದು ಕೆಲಸ. ಹುಚ್ಚುನಾಯಿ ರೋಗದ ಮುಂಜಾಗ್ರತೆ ಲಸಿಕೆಯನ್ನು ಮೂರು ಸಲ ಹಾಕಿಸಿಕೊಳ್ಳಿ: ಮೊದಲ ಡೋಸು, ಏಳು ದಿನ ಕಳೆದು ಒಂದು, ಮೊದಲ ಡೋಸಿನಿಂದ 21 ಅಥವಾ 28 ದಿನ ಕಳೆದು ಇನ್ನೊಂದು. ಕೇರಳದಲ್ಲಿ ಸಾಕುನಾಯಿಗೆ ಪಂಚಾಯತು ಲೈಸೆನ್ಸ್ ಬೇಕು, ಅದಕ್ಕೆ ನಾಯಿಯ ಲಸಿಕೆಯ ದಾಖಲೆಯೂ ಬೇಕು. ಅದನ್ನು ನೋಡದೆ ಯಾವ ನಾಯಿಯನ್ನೂ ಮುಟ್ಟಬೇಡಿ. ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಮೊದಲೇ ಲಸಿಕೆ ಆಗಿದ್ದರೂ ಆಸ್ಪತ್ರೆಗೆ ಹೋಗಿ.