ವಕೀಲರ ಎಲೆಕ್ಷನ್ ತಕರಾರಿಗೆ ಯಾವ ಬಾಗಿಲು?

ಊರವರ ಎಲೆಕ್ಷನ್ ಕೇಸುಗಳನ್ನೆಲ್ಲ ನಡೆಸುವುದು ವಕೀಲರು. ಅವರದೇ ಪರಿಷತ್ತಿನ (ವಕೀಲರ ನೋಂದಣಿ, ಶಿಸ್ತು ನೋಡಿಕೊಳ್ಳುವ ಬಾರ್ ಕೌನ್ಸಿಲ್ಲಿನ) ಚುನಾವಣೆಯಲ್ಲಿ ಎಡವಟ್ಟಾದರೆ ಅವರು ಎಲ್ಲಿಗೆ ಹೋಗಬೇಕು?

1926ರ ಕಾಯ್ದೆಯಲ್ಲಿ ಬಾರ್ ಕೌನ್ಸಿಲ್ಲಿನ 15 ಜನರಲ್ಲಿ ಚುನಾಯಿತರು 10 ಮಂದಿ ಮಾತ್ರ. ನಾಲ್ವರನ್ನು ಹೈಕೋರ್ಟ್ ನೇಮಿಸುತ್ತಿತ್ತು. 1961ರ ವಕೀಲರ ಕಾಯ್ದೆ ಬಂದ ಮೇಲೆ ಮತಕ್ಕೆ ಬೆಲೆ ಬಂತು, ಜತೆಗೆ ತಕರಾರಿಗೂ. ವಿವಾದವನ್ನು ಯಾರು, ಹೇಗೆ ತೀರ್ಮಾನಿಸಬೇಕು ಎಂಬ ನಿಯಮವನ್ನು 15ನೇ ಸೆಕ್ಷನ್ ಪ್ರಕಾರ ರಾಜ್ಯ ಪರಿಷತ್ತೇ ಬರೆಯಬೇಕು. ಅದಕ್ಕೆ ಭಾರತೀಯ ವಕೀಲರ ಪರಿಷತ್ತು ಒಪ್ಪಬೇಕು. ಯಾರ ಮೇಲೆ ದೂರೋ ಅವರ ಮನೆ ಜಗಲಿಯಲ್ಲೇ ಪಂಚಾಯ್ತಿ, ಅಲ್ವಾ? ಕೆಲವು ತಕರಾರಿಗಂತೂ ಕಾಯ್ದೆಯೇ ಬಾಗಿಲು ಹಾಕಿದೆ. ಮತದಾನದ ದಿನಾಂಕ 30 ದಿನ ಮೊದಲೇ ಗೆಜೆಟ್‌ನಲ್ಲಿ ಪ್ರಕಟವಾಗಿದ್ದರೆ, 'ನನಗೆ ನೋಟಿಸ್ ಬರಲಿಲ್ಲ' ಎಂಬ ಒಂದೇ ಕಾರಣಕ್ಕೆ ಚುನಾವಣೆಯನ್ನು ಪ್ರಶ್ನಿಸುವಂತಿಲ್ಲ.

'ಮೊದಲು ಎಲೆಕ್ಷನ್ ಮುಗಿಯಲಿ, ಆಮೇಲೆ ಅರ್ಜಿ ಹಾಕಿ' ಎಂಬ ಮಾತು ಇನ್ನೂ ಹಳೆಯದು. ನಾಮಕ್ಕಲ್‌ನಲ್ಲಿ ಪೊನ್ನುಸ್ವಾಮಿ ಅವರ ನಾಮಪತ್ರ ತಿರಸ್ಕೃತವಾದಾಗ, 1952ರಲ್ಲಿ ಸುಪ್ರೀಂ ಕೋರ್ಟ್ ಹಾಗೆಂದಿತು. ಅದು ವಿಧಾನಸಭೆ ಚುನಾವಣೆಯ ಕೇಸು. ಆದರೂ ಸಂಘ, ಪರಿಷತ್ತುಗಳ ಜಗಳದಲ್ಲೂ ಅದೇ ಮಾತು ಕೇಳಿಬರುತ್ತದೆ.

ಈ ಮಾತಿಗೆ ಪೆಟ್ಟು ಬಿದ್ದದ್ದು ದೆಹಲಿಯಲ್ಲಿ, ಒಂದು ಫಾರಂನಿಂದ. 1978ರ ಚುನಾವಣೆಗೆ ಮುನ್ನ ಘೋಷಣಾ ಪತ್ರ ತುಂಬಿ ಕೊಡದ ವಕೀಲರ ಹೆಸರನ್ನು ಮತದಾರರ ಪಟ್ಟಿಯಿಂದ ಬಿಡಲಾಯಿತು. ಸರಿ, ಅರ್ಜಿ ಹಾಕೋಣ ಎಂದರೆ, ಪಟ್ಟಿಯಲ್ಲಿ ಹೆಸರು ಬಿಟ್ಟುಹೋಯಿತು ಎಂಬ ಕಾರಣಕ್ಕೆ ಚುನಾವಣಾ ಅರ್ಜಿಯೇ ಸಲ್ಲದು ಎಂದು ಅಲ್ಲಿನ ನಿಯಮದಲ್ಲೇ ಬರೆದಿತ್ತು! ಮತ ಇಲ್ಲ, ಮಾತಿಗೂ ಜಾಗ ಇಲ್ಲ. 1980ರಲ್ಲಿ ಸುರ್ಜೀತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಕಡೆ ನೇರವಾಗಿ ಹೈಕೋರ್ಟಿಗೇ ಹೋಗುವ ರಿಟ್ ಅರ್ಜಿ ನಡೆಯುತ್ತದೆ ಎಂದಿತು. ಮತದ ಹಕ್ಕಿಗೆ ಷರತ್ತು ಹಾಕುವ ಅಧಿಕಾರ ರಾಜ್ಯ ಪರಿಷತ್ತಿಗಿಲ್ಲ ಎಂದೂ ಹೇಳಿತು. ಪೂರ್ತಿ ಚುನಾವಣೆಯೇ ಬಿದ್ದುಹೋಯಿತು.

ಎಣಿಕೆಯ ತಕರಾರು ಇನ್ನೊಂದು ತಲೆನೋವು. ಇಲ್ಲಿ ಮತ ಹಾಕುವುದೆಂದರೆ ಹೆಸರುಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುವುದು. 25 ಸ್ಥಾನಕ್ಕೆ 26,000 ಸಿಂಧು ಮತ ಬಿದ್ದರೆ ಗೆಲ್ಲಲು ಬೇಕಾದದ್ದು 1,001 (ಸ್ಥಾನಕ್ಕೆ ಒಂದು ಕೂಡಿಸಿ, 26ರಿಂದ ಭಾಗಿಸಿ, ಬಂದದ್ದಕ್ಕೆ ಇನ್ನೊಂದು ಸೇರಿಸಿ). ಗೆದ್ದವರ ಹೆಚ್ಚುವರಿ ಮತ, ಮತಪತ್ರದಲ್ಲಿ ಮುಂದಿನ ಪ್ರಾಶಸ್ತ್ಯ ಸಿಕ್ಕವರಿಗೆ ಹೋಗುತ್ತದೆ. ಮೊದಲ ಸುತ್ತಿನಲ್ಲಿ ಮತಪತ್ರಗಳ ಒಂದು ಕಟ್ಟಿನ ಎಣಿಕೆ ತಪ್ಪಾದರೂ ಆ ತಪ್ಪು ಕೊನೆಯ ಸುತ್ತಿನವರೆಗೂ ಸಾಗಬಹುದು.

ಆದರೂ ಜಗಳ ಜಾಸ್ತಿ ಹುಟ್ಟುವುದು ಮತದಾರರ ಪಟ್ಟಿಯಲ್ಲೇ ಎನ್ನುವುದು ನನ್ನ ಅನಿಸಿಕೆ. ನಕಲಿ ವಕೀಲರನ್ನು ಜರಡಿ ಹಿಡಿಯಲು 2015ರಲ್ಲಿ ವಕೀಲರ ಸರ್ಟಿಫಿಕೇಟುಗಳ ಪರಿಶೀಲನಾ ನಿಯಮ ಬಂತು. ಅದೂ ಕೋರ್ಟ್ ಮೆಟ್ಟಿಲೇರಿತು. ಕರ್ನಾಟಕದಲ್ಲಿ 2018ರಲ್ಲಿ ಮತದಾನವಾಯಿತು. ಪರಿಷತ್ತಿನ ಅವಧಿ ಐದೇ ವರ್ಷ. ಆದರೆ 2025ರ ನವೆಂಬರ್‌ನಲ್ಲಿ ರಾಜ್ಯ ಪರಿಷತ್ತುಗಳ ಚುನಾವಣೆಗೆ ಸುಪ್ರೀಂ ಕೋರ್ಟೇ ಗಡುವು ಹಾಕಬೇಕಾಯಿತು.