ನಾಲ್ಕು ಸಲ ಇನ್‌ಸ್ಟಾಲ್ ಮಾಡಿದರೂ ಏಳದ ಮೈಎಸ್‌ಕ್ಯೂಎಲ್

ತೋಟದ ಕಚೇರಿಗಳು, ಹೋಮ್‌ಸ್ಟೇಗಳು, ಕಾಫಿ ವ್ಯಾಪಾರಿಗಳ ಗೋದಾಮುಗಳು, ಹೀಗೆ ಕೊಡಗಿನ ಹಲವು ಕಡೆ ಉಬುಂಟು (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ) ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ನನಗೆ, ಲೆಕ್ಕಪತ್ರಗಳನ್ನು ಇಡುವ ಡೇಟಾಬೇಸ್ ಸರ್ವರ್ ಮೈಎಸ್‌ಕ್ಯೂಎಲ್ ಬಗ್ಗೆ ಮತ್ತೆ ಮತ್ತೆ ಬರುವ ದೂರು ಒಂದೇ: "ಸಾರ್, ಮೈಎಸ್‌ಕ್ಯೂಎಲ್ ತೆಗೆದು ಹೊಸದಾಗಿ ಹಾಕಿದೆವು, ಆದರೂ ಅದೇ ಎರರ್ ಬರುತ್ತಿದೆ." ಬರದೆ ಏನು ಮಾಡೀತು? ತೆಗೆದದ್ದು ಪ್ರೋಗ್ರಾಂ ಮಾತ್ರ. ಕೆಟ್ಟದ್ದು ಬಹುಪಾಲು ಬೇರೆಲ್ಲೋ ಇರುತ್ತದೆ.

ಇದನ್ನು ಎಷ್ಟು ಸಲ ಹೇಳಿದರೂ ಸಾಲದಾಗಿದೆ. ಉಬುಂಟುವಿನಲ್ಲಿ ಪ್ರೋಗ್ರಾಂ ತೆಗೆಯಲು 'ಆಪ್ಟ್ ರಿಮೂವ್' ಎಂಬ ಆಜ್ಞೆ ಕೊಟ್ಟಾಗ ಹೋಗುವುದು ಪ್ರೋಗ್ರಾಂನ ಕಡತಗಳಷ್ಟೇ. 'ಇಟಿಸಿ' ಫೋಲ್ಡರ್‌ನಲ್ಲಿರುವ ಸಂರಚನೆಯೂ (ಸೆಟ್ಟಿಂಗ್‌ಗಳು) 'ವಾರ್/ಲಿಬ್' ಒಳಗಿನ ನಿಮ್ಮ ಲೆಕ್ಕಪತ್ರಗಳೂ ಇದ್ದಲ್ಲೇ ಇರುತ್ತವೆ, ಮತ್ತು ಹೊಸದಾಗಿ ಬಂದ ಸರ್ವರ್ ಆ ಹಳೆಯ ಸಂರಚನೆಯನ್ನೇ ಓದಿ, ಹಳೆಯ ಜಾಗದಲ್ಲೇ ಎಡವಿ ಬೀಳುತ್ತದೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಬದಲಿಸಿದ ಮಾತ್ರಕ್ಕೆ ಕಣದಲ್ಲಿ ನೆನೆದ ಕಾಫಿ ಒಣಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಗೋಣಿಕೊಪ್ಪದ ಕಡೆಯ ಒಂದು ತೋಟದಿಂದ ಶುಕ್ರವಾರ ಸಂಜೆ ಕರೆ ಬಂತು. ಮರುದಿನ ಬಟವಾಡೆ, ಚೆಕ್‌ರೋಲ್ (ಕೆಲಸಗಾರರ ಹಾಜರಿ-ಕೂಲಿ ಪಟ್ಟಿ) ತೆರೆಯುತ್ತಿಲ್ಲ. ಮರ ಬಿದ್ದು ಕರೆಂಟು ಹೋಗಿದ್ದರಿಂದಲೇ ಡೇಟಾಬೇಸ್ ಕೆಟ್ಟಿದೆ ಎಂದು ತೋಟದ ಲೆಕ್ಕ ಬರೆಯುವ ರೈಟರು ಖಚಿತವಾಗಿ ನಂಬಿದ್ದರು. ಹಾಗೆ ಆಗುವುದಿಲ್ಲವೆಂದು ನಾನು ಹೇಳಲಾರೆ. ಆದರೆ ಮೈಎಸ್‌ಕ್ಯೂಎಲ್‌ನಲ್ಲಿ ದತ್ತಾಂಶವನ್ನು ಸಂಗ್ರಹಿಸುವ ಭಾಗವಾದ ಇನ್ನೊಡಿಬಿ ಇಂಥ ಹೊಡೆತಗಳಿಂದ ತಾನಾಗಿಯೇ ಚೇತರಿಸಿಕೊಳ್ಳುವಂತೆ ರೂಪಿಸಿದ ವ್ಯವಸ್ಥೆಯಾದ್ದರಿಂದ ನನ್ನ ಮೊದಲ ಅನುಮಾನ ಅತ್ತ ಹೋಗುವುದಿಲ್ಲ. ಅವರ ಅಳಿಯ ಅಷ್ಟರಲ್ಲಿ ನಾಲ್ಕು ಸಲ ಮೈಎಸ್‌ಕ್ಯೂಎಲ್ ತೆಗೆದು ಮತ್ತೆ ಹಾಕಿಯಾಗಿತ್ತು. ಐದನೆಯ ಸಲ, ಸಂರಚನೆಯನ್ನೂ ಸೇರಿಸಿ ತೆಗೆಯುವ 'ಪರ್ಜ್' ಆಜ್ಞೆ ಕೊಡುವ ಮೊದಲು, ಫೋನಿನಲ್ಲಿ ಕೇಳಿದ: "ಅಣ್ಣಾ, ಎಲ್ಲ ಡೇಟಾಬೇಸ್ ತೆಗೆಯಬೇಕಾ ಅಂತ ಕೇಳ್ತದಂತೆ, ಯೆಸ್ ಒತ್ತಲಾ?"

ಆ ಕ್ಷಣ ನನ್ನ ಎದೆ ಧಸಕ್ಕೆಂದಿತು. ಯೆಸ್ ಒತ್ತಿದ್ದರೆ ವರ್ಷಗಳ ಹಾಜರಿ, ಮುಂಗಡ, ಸಾಲದ ಲೆಕ್ಕವೆಲ್ಲ ಅಳಿಸಿಹೋಗುತ್ತಿತ್ತು. ಸಂರಚನೆಯ ಕಡತವನ್ನೂ ಹಾಗೆಯೇ ಇರಿಸಿಕೊಳ್ಳಲೆಂದು, ಪರ್ಜ್ ಕೊಡುವುದೇ ಬೇಡ ಎಂದು ತಡೆದೆ.

ಬೆಳಿಗ್ಗೆ ಹೋಗಿ, ಸರ್ವರ್ ತನ್ನ ತೊಂದರೆಗಳನ್ನು ಬರೆದಿಡುವ ಕಡತವಾದ ಎರರ್ ಲಾಗ್ ತೆರೆದೆ. ಅದು 'ವಾರ್/ಲಾಗ್' ಫೋಲ್ಡರ್‌ನೊಳಗೆ ಮೈಎಸ್‌ಕ್ಯೂಎಲ್ ಹೆಸರಿನ ಫೋಲ್ಡರ್‌ನಲ್ಲೇ ಇರುತ್ತದೆ. ನಾಲ್ಕು ಸಲ ಇನ್‌ಸ್ಟಾಲ್ ಮಾಡಿದವರು ಒಮ್ಮೆಯೂ ಅದನ್ನು ತೆರೆದಿರಲಿಲ್ಲ. ಕೊನೆಯ ಸಾಲುಗಳಲ್ಲಿ 'ಅನ್‌ನೋನ್ ವೇರಿಯಬಲ್' (ಗೊತ್ತಿಲ್ಲದ ಸೆಟ್ಟಿಂಗ್) ಎಂದೂ ಅದರ ಮುಂದೆ 'ಕ್ವೆರಿ ಕ್ಯಾಶ್ ಲಿಮಿಟ್' ಎಂದೂ ಬರೆದಿತ್ತು. ಒಮ್ಮೆ ಕೇಳಿದ ಪ್ರಶ್ನೆಯ ಉತ್ತರವನ್ನು ನೆನಪಿನಲ್ಲಿಡುವ ಕ್ವೆರಿ ಕ್ಯಾಶ್ ಎಂಬ ಸೌಲಭ್ಯ ಮೈಎಸ್‌ಕ್ಯೂಎಲ್‌ನ 5.7ನೇ ಆವೃತ್ತಿಯವರೆಗೆ ಇತ್ತು, 8.0ರಲ್ಲಿ ಅದನ್ನು ತೆಗೆದುಹಾಕಲಾಗಿದೆ. 5.7 ಇದ್ದ ಉಬುಂಟು 18.04ರ ಸಂರಚನೆಯಲ್ಲಿ ಆ ಸಾಲುಗಳು ಮೊದಲೇ ಇದ್ದವು. ಗೋದಾಮಿನ ಕಂಪ್ಯೂಟರಿಗೂ ಸಂಪರ್ಕ ಸಿಗಲೆಂದು ಯಾರೋ ಅದೇ ಕಡತವನ್ನು ತಿದ್ದಿದ್ದರು. ತಿದ್ದಿದ ಕಡತ ಕಂಡಾಗ ಹೊಸ ಆವೃತ್ತಿ "ಹಳೆಯದನ್ನೇ ಇಟ್ಟುಕೊಳ್ಳಲೇ?" ಎಂದು ಕೇಳುತ್ತದೆ, ಮತ್ತು ಸುಮ್ಮನೆ ಎಂಟರ್ ಒತ್ತಿದರೆ ಹಳೆಯದೇ ಉಳಿಯುತ್ತದೆ. ಹಿಂದಿನ ವಾರ ಕಂಪ್ಯೂಟರನ್ನು 8.0 ಇರುವ ಉಬುಂಟು 20.04ಕ್ಕೆ ಏರಿಸುವಾಗ ಅಳಿಯ ಎಂಟರ್ ಒತ್ತಿದ್ದ. ಅಲ್ಲಿಯವರೆಗೆ ಓಡುತ್ತಿದ್ದ ಸರ್ವರ್ ಏಳಲಿಲ್ಲ. ಸರ್ವರ್ ಏಳದ ಕಾರಣ ಪ್ಯಾಕೇಜಿನ ಅಳವಡಿಕೆಯೂ ಅರ್ಧಕ್ಕೇ ನಿಂತಿತ್ತು.

ಆ ಸಾಲನ್ನು ಸರ್ವರ್ ಓದದಂತೆ ಅದರ ಮುಂದೆ '#' ಹಾಕಿದೆ. ಮತ್ತೆ ಬಿತ್ತು. ಲಾಗ್ ಈಗ 'ಕ್ವೆರಿ ಕ್ಯಾಶ್ ಸೈಜ್' ಎಂದಿತು. ಅದಕ್ಕೂ '#' ಹಾಕಿದೆ. ಮೂರನೆಯ ಪ್ರಯತ್ನಕ್ಕೆ ಸರ್ವರ್ ಎದ್ದು, 5.7ರ ದತ್ತಾಂಶವನ್ನು ತಾನೇ 8.0ಕ್ಕೆ ಪರಿವರ್ತಿಸಿಕೊಂಡಿತು.

ನಿಮ್ಮ ಕಂಪ್ಯೂಟರಿನಲ್ಲಿ ಕಾರಣ ಇದೇ ಆಗಿರಬೇಕಿಲ್ಲ. ಡಿಸ್ಕ್ ತುಂಬಿರಬಹುದು, ಮೈಎಸ್‌ಕ್ಯೂಎಲ್ ಸಂಪರ್ಕಕ್ಕೆ ಬಳಸುವ 3306ನೇ ಪೋರ್ಟನ್ನು ಇನ್ನೊಂದು ಪ್ರೋಗ್ರಾಂ ಹಿಡಿದಿರಬಹುದು, ಮೊದಲು ಹಾಕಿದ ಮರಿಯಾಡಿಬಿ ಎಂಬ ಇನ್ನೊಂದು ಡೇಟಾಬೇಸಿನ ಫೋಲ್ಡರನ್ನೇ ಮೈಎಸ್‌ಕ್ಯೂಎಲ್ ತೆರೆಯಲು ಹೋಗಿರಬಹುದು. ಕಾರಣ ಯಾವುದೇ ಆದರೂ ಸುಳಿವು ಸಿಗುವುದು ಲಾಗ್‌ನಲ್ಲಿ. ಏನನ್ನೂ ಮುಟ್ಟುವ ಮೊದಲು ಸರ್ವರ್ ನಿಂತಿರುವಾಗಲೇ ಡೇಟಾ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲು ಮಾಡಿರಿ, ಆದರೆ 8.0 ಬಳಸಿದ ಫೋಲ್ಡರನ್ನು 5.7ರಲ್ಲಿ ತೆರೆಯಲಾಗದು ಎಂಬುದು ನೆನಪಿರಲಿ.

ಆ ಎರಡು ಸಾಲುಗಳನ್ನು ನಾನು ಅಳಿಸಲಿಲ್ಲ. ಪಕ್ಕದಲ್ಲಿ ದಿನಾಂಕವನ್ನೂ ಕಾರಣವನ್ನೂ ಬರೆದಿಟ್ಟೆ. ಅಳಿಯ ಅದನ್ನು ತನ್ನ ಫೋನಿನಲ್ಲಿ ಫೋಟೋ ತೆಗೆದುಕೊಂಡ.